ಕಾರ್ಪೆಟ್ ತೊಳೆಯುವ ವ್ಯಾನಿನ ನೀರಿನ ಟ್ಯಾಂಕ್ ಖಾಲಿ ಮಾಡಲು ಯಾವ ದಾರಿ ಒಳ್ಳೆಯದು?

ಅಮೆರಿಕ, ಕೆನಡಾ ಕಡೆ ಕಾರ್ಪೆಟ್ ತೊಳೆಯುವವರ ವ್ಯಾನಿನೊಳಗೆ ಒಂದು ಪೂರ್ತಿ ಯಂತ್ರವೇ ಕೂತಿರುತ್ತದೆ. ಅದಕ್ಕೆ ಟ್ರಕ್‌ಮೌಂಟ್ ಅನ್ನುತ್ತಾರೆ. ಒಳ್ಳೆ ನೀರಿಗೆ ಒಂದು ಟ್ಯಾಂಕ್, ಕಾರ್ಪೆಟ್‌ನಿಂದ ಎಳೆದುಕೊಂಡ ಕೊಳಕು ನೀರಿಗೆ ಇನ್ನೊಂದು. ಇವೆರಡರ ನಡುವೆ ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರ್, ಒತ್ತಡ ಕೊಡುವ ಪಂಪು, ಗಾಳಿ ಎಳೆಯುವ ಬ್ಲೋವರ್. ಒಳ್ಳೆ ನೀರಿನ ಟ್ಯಾಂಕ್ ಸಾಮಾನ್ಯವಾಗಿ 50ರಿಂದ 100 ಗ್ಯಾಲನ್ ಹಿಡಿಯುತ್ತದೆ. ಅಂದರೆ ಸುಮಾರು 190ರಿಂದ 380 ಲೀಟರ್.

ಕೊಳಕು ನೀರನ್ನು ದಿನಾ ಚೆಲ್ಲಬೇಕು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ವಾಸನೆಯೇ ನೆನಪಿಸುತ್ತದೆ. ಒಳ್ಳೆ ನೀರಿನ ಟ್ಯಾಂಕ್ ಹಾಗಲ್ಲ. ನಾಳೆಗೂ ಬೇಕಲ್ಲ, ಇರಲಿ ಬಿಡು ಅನ್ನಿಸುತ್ತದೆ. ಬೇಸಿಗೆಯಲ್ಲಿ ಒಂದೆರಡು ದಿನ ಹಾಗೆ ನಡೆಯುತ್ತದೆ. ಚಳಿಗಾಲದಲ್ಲಿ ಒಂದೇ ರಾತ್ರಿ ಸಾಕು, ಯಂತ್ರದ ಅತಿ ದುಬಾರಿ ಭಾಗ ಬಿರುಕು ಬಿಟ್ಟಿರುತ್ತದೆ.

ಈ ಟ್ಯಾಂಕ್ ಖಾಲಿ ಮಾಡಲು ನಾಲ್ಕೈದು ದಾರಿಗಳಿವೆ. ಖಾಲಿ ಮಾಡದೆ ನೀರನ್ನು ಬೆಚ್ಚಗೆ ಇಟ್ಟುಕೊಳ್ಳುವ ದಾರಿಗಳೂ ಇವೆ. ಯಾವುದು ನಿಮಗೆ ಸರಿ ಅನ್ನುವುದು ಮುಖ್ಯವಾಗಿ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನಿಮ್ಮ ವ್ಯಾನ್ ರಾತ್ರಿ ಹೊತ್ತು ಎಲ್ಲಿ ನಿಲ್ಲುತ್ತದೆ?

ಮೊದಲು ಹೆಪ್ಪುಗಟ್ಟುವುದು ಯಾವುದು?

ದಾರಿ ಆರಿಸುವ ಮೊದಲು ಇದು ಗೊತ್ತಿರಲೇಬೇಕು. ಹೆಚ್ಚಿನವರ ಕಣ್ಣು ದೊಡ್ಡ ಟ್ಯಾಂಕಿನ ಮೇಲೆ ಇರುತ್ತದೆ. ಆದರೆ ಅಷ್ಟು ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಲೆಕ್ಕ ನೋಡಿ. 300 ಲೀಟರ್ ನೀರು 10 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಇಳಿಯಬೇಕಾದರೆ ಸುಮಾರು 3.5 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಗೆ ಹೋಗಬೇಕು. ಆಮೇಲೆ ಅದೆಲ್ಲ ಗಟ್ಟಿ ಮಂಜುಗಡ್ಡೆ ಆಗಲು ಇನ್ನೂ 28 ಯೂನಿಟ್‌ನಷ್ಟು ಶಾಖ ಹೋಗಬೇಕು. ಸಾಧಾರಣ ಚಳಿಯ ಒಂದು ರಾತ್ರಿಯಲ್ಲಿ ಅಷ್ಟು ಆಗುವುದಿಲ್ಲ. ಟ್ಯಾಂಕಿನ ಅಂಚಿನಲ್ಲಿ, ಮೇಲ್ಗಡೆ ಒಂದು ಪದರ ಕಟ್ಟಬಹುದು ಅಷ್ಟೆ. ಟ್ಯಾಂಕ್ ಪ್ಲಾಸ್ಟಿಕ್‌ನದ್ದಾಗಿದ್ದರೆ ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತದೆ.

ಪಂಪಿನ ತಲೆಯೊಳಗೆ ಇರುವ ನೀರು ಒಂದು ಲೋಟದಷ್ಟೂ ಇರಲಿಕ್ಕಿಲ್ಲ. ಸಣ್ಣ ಪೈಪು, ಫಿಲ್ಟರ್, ಕೆಮಿಕಲ್ ಹೋಗುವ ತೆಳು ಕೊಳವೆ, ಬಾಲ್ ವಾಲ್ವ್ (ತೂತಿರುವ ಗುಂಡು ತಿರುಗಿಸಿ ನೀರು ಬಿಡುವ, ತಡೆಯುವ ವಾಲ್ವ್) ಇವುಗಳ ಒಳಗೂ ಅಷ್ಟೇ. ಸುತ್ತಲೂ ಲೋಹ, ಆಚೆ ತಣ್ಣನೆ ಗಾಳಿ. ಅಷ್ಟು ಕಡಿಮೆ ನೀರು ಬಲು ಬೇಗ ಗಡ್ಡೆ ಕಟ್ಟುತ್ತದೆ. ನೀರು ಮಂಜಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಿತ್ತಾಳೆಯಾದರೂ ಸರಿ, ಸ್ಟೀಲ್ ಆದರೂ ಸರಿ, ಆ ಒತ್ತಡಕ್ಕೆ ಸೀಳುತ್ತದೆ.

ಹಾಗಾಗಿ ಟ್ಯಾಂಕ್ ಮಾತ್ರ ಖಾಲಿ ಮಾಡಿ ಪಂಪಿನಲ್ಲಿ ನೀರು ಬಿಟ್ಟರೆ ಮಾಡಿದ ಕೆಲಸ ದಂಡ. ಕೆಳಗೆ ಹೇಳುವ ಒಂದೊಂದು ದಾರಿಯನ್ನೂ ನಾನು ಎರಡು ರೀತಿ ಅಳೆಯುತ್ತೇನೆ. ಟ್ಯಾಂಕಿನ ತಳದ ಕೊನೆಯ ಹನಿವರೆಗೆ ಹೋಗುತ್ತದೆಯೇ? ಟ್ಯಾಂಕಿನಿಂದ ಮುಂದಿರುವ ಪೈಪುಗಳಿಗೂ ಸಹಾಯ ಆಗುತ್ತದೆಯೇ?

ತಳದ ವಾಲ್ವ್

ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಟ್ಯಾಂಕಿನ ತಳದಲ್ಲಿ ಒಂದು ಫಿಟಿಂಗ್, ಅದಕ್ಕೊಂದು ಬಾಲ್ ವಾಲ್ವ್, ಅಲ್ಲಿಂದ ವ್ಯಾನಿನ ನೆಲ ದಾಟಿ ಕೆಳಗೆ ಹೋಗುವ ಒಂದು ಹೋಸ್. ಹಿಡಿ ತಿರುಗಿಸಿದರೆ ನೀರು ತಾನಾಗಿ ಇಳಿಯುತ್ತದೆ. ಕರೆಂಟ್ ಬೇಡ, ಎಂಜಿನ್ ಬೇಡ. ಕೈ ಮರಗಟ್ಟಿದ್ದರೂ ತಿರುಗಿಸಬಹುದು.

ಇದರಲ್ಲಿ ಎಡವುವುದು ವಾಲ್ವ್‌ನ ಅಳತೆಯಲ್ಲಿ. ಬಹಳಷ್ಟು ಟ್ಯಾಂಕ್‌ಗಳಿಗೆ ಮುಕ್ಕಾಲು ಇಂಚಿನ ವಾಲ್ವ್ ಇರುತ್ತದೆ. 60 ಸೆಂಟಿಮೀಟರ್ ಎತ್ತರ ನೀರು ನಿಂತ 300 ಲೀಟರ್ ಟ್ಯಾಂಕ್ ಅದರಿಂದ ಖಾಲಿಯಾಗಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಉದ್ದದ ಹೋಸ್ ಸಿಕ್ಕಿಸಿದರೆ ಇನ್ನೂ ಜಾಸ್ತಿ. ಅದೇ ಒಂದೂವರೆ ಇಂಚು ಮಾಡಿದರೆ ತೂತಿನ ಅಗಲ ಎರಡು ಪಟ್ಟು, ನೀರು ಹೋಗುವ ಜಾಗ ನಾಲ್ಕು ಪಟ್ಟು. ಐದು ನಿಮಿಷದೊಳಗೆ ಮುಗಿಯುತ್ತದೆ. ದಿನದ ಕೆಲಸ ಮುಗಿಸಿ ಸುಸ್ತಾದವರು ಐದು ನಿಮಿಷ ಕಾಯುತ್ತಾರೆ. ಇಪ್ಪತ್ತು ನಿಮಿಷ ಕಾಯುವುದಿಲ್ಲ, ನಾಳೆ ನೋಡೋಣ ಅಂತ ಮನೆಗೆ ಹೋಗುತ್ತಾರೆ. ದೊಡ್ಡ ವಾಲ್ವ್ ಹಾಕಿಸಿ ಅನ್ನುವುದು ಇದಕ್ಕೇ.

ಇನ್ನು ಮೂರು ಸಣ್ಣ ವಿಷಯ. ನೀರು ಇಳಿಯುವಾಗ ಟ್ಯಾಂಕಿನ ಮುಚ್ಚಳ ತೆಗೆದಿರಿ. ಗಾಳಿ ಒಳಗೆ ಬಾರದಿದ್ದರೆ ನೀರು ಗುಳುಗುಳು ಅಂತ ನಿಂತು ನಿಂತು ಬರುತ್ತದೆ. ವಾಲ್ವ್ ಹಿಂಬದಿಗಿದ್ದರೆ ವ್ಯಾನಿನ ಮುಂಭಾಗ ಸ್ವಲ್ಪ ಎತ್ತರ ಇರುವಂತೆ ನಿಲ್ಲಿಸಿ. ಇಲ್ಲದಿದ್ದರೆ ಚಪ್ಪಟೆ ತಳದಲ್ಲಿ ಕೆಲವು ಲೀಟರ್ ಉಳಿದೇ ಉಳಿಯುತ್ತದೆ. ಖಾಲಿಯಾದ ಮೇಲೆ ಬಾಲ್ ವಾಲ್ವ್ ಅನ್ನು ಪೂರ್ತಿ ಮುಚ್ಚಬೇಡಿ, ಅರ್ಧ ತೆರೆದು ಬಿಡಿ. ಮುಚ್ಚಿದಾಗ ಅದರ ಗುಂಡಿನೊಳಗೆ ಸ್ವಲ್ಪ ನೀರು ಸಿಕ್ಕಿಕೊಂಡಿರುತ್ತದೆ. ವಾಲ್ವ್ ಸೀಳಲು ಅಷ್ಟು ಸಾಕು.

ಹಳೇ ವ್ಯಾನಿಗೆ ಹೊಸದಾಗಿ ಹಾಕಿಸುವಾಗ ನೆಲಕ್ಕೆ ತೂತು ಕೊರೆಯಬೇಕಾಗುತ್ತದೆ. ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರುಗಳು ಇರುತ್ತವೆ. ಮೊದಲು ವ್ಯಾನಿನ ಕೆಳಗೆ ಮಲಗಿ ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಮಾಡಿಸಿ.

ಪಂಪು ಹಾಕಿ ಹೊರಗೆ ತೆಗೆಯುವುದು

ಟ್ಯಾಂಕಿನಿಂದ ಯಂತ್ರಕ್ಕೆ ನೀರು ಕೊಡಲು ಬಹಳ ವ್ಯಾನ್‌ಗಳಲ್ಲಿ 12 ವೋಲ್ಟ್‌ನ ಸಣ್ಣ ಡಯಾಫ್ರಾಮ್ ಪಂಪು (ರಬ್ಬರಿನಂಥ ಪೊರೆ ಅಲುಗಿಸಿ ನೀರು ತಳ್ಳುವ ಪಂಪು) ಇರುತ್ತದೆ. ಅದರ ಪೈಪಿಗೆ T ಆಕಾರದ ಒಂದು ಜೋಡಣೆ ಹಾಕಿ ಹೋಸ್ ಸಿಕ್ಕಿಸಿದರೆ ಅದೇ ಪಂಪು ಟ್ಯಾಂಕ್ ಖಾಲಿ ಮಾಡಿಕೊಡುತ್ತದೆ. ನಿಮಿಷಕ್ಕೆ 3ರಿಂದ 5 ಗ್ಯಾಲನ್ ಎಳೆಯುವ ಪಂಪು ಅಂದುಕೊಳ್ಳಿ. 80 ಗ್ಯಾಲನ್‌ಗೆ ಹದಿನಾರರಿಂದ ಇಪ್ಪತ್ತೇಳು ನಿಮಿಷ.

ನಿಧಾನವೇ. ಆದರೆ ಇದಕ್ಕೆ ಎರಡು ಗುಣ ಇದೆ. ಮೊದಲನೆಯದು, ನೀರನ್ನು ದೂರಕ್ಕೆ, ಎತ್ತರಕ್ಕೆ ಕಳಿಸಬಹುದು. ಅಂಗಳದ ಆಚೆ ಹುಲ್ಲಿಗೆ, ಗ್ಯಾರೇಜಿನ ಸಿಂಕಿಗೆ. ಎರಡನೆಯದು, ಹೋಗುತ್ತಾ ಆ ಪಂಪಿನ ಪೈಪುಗಳೂ ಖಾಲಿಯಾಗುತ್ತವೆ. ತಳದ ವಾಲ್ವ್ ಇದ್ದರೂ ಕೊನೆಯಲ್ಲಿ ಅರ್ಧ ನಿಮಿಷ ಈ ಪಂಪು ಓಡಿಸಿದರೆ ಕೆಲಸ ಪೂರ್ತಿಯಾಗುತ್ತದೆ. ಡಯಾಫ್ರಾಮ್ ಪಂಪು ಸ್ವಲ್ಪ ಹೊತ್ತು ಒಣಗಿ ಓಡಿದರೆ ತಡೆದುಕೊಳ್ಳುತ್ತದೆ.

ಯಂತ್ರದ ಹೈ ಪ್ರೆಶರ್ ಪಂಪಿಗೆ ಈ ಮಾತು ಅನ್ವಯಿಸುವುದಿಲ್ಲ. ಅದು ನೀರಿಲ್ಲದೆ ಓಡಿದರೆ ಸೀಲುಗಳು ಸುಟ್ಟು ಹೋಗುತ್ತವೆ. ಟ್ಯಾಂಕ್ ಖಾಲಿ ಮಾಡಲು ಅದನ್ನು ಯಾವತ್ತೂ ಬಳಸಬೇಡಿ.

ವ್ಯಾಕ್ಯೂಮ್‌ನಿಂದ ಎಳೆಯುವುದು

ತಳದಲ್ಲಿ ವಾಲ್ವ್ ಇಲ್ಲದ ಟ್ಯಾಂಕ್ ನಿಮ್ಮದಾಗಿದ್ದರೆ ಇವತ್ತೇ ಮಾಡಬಹುದಾದ ಕೆಲಸ ಇದು. ಯಂತ್ರ ಚಾಲೂ ಮಾಡಿ, ವ್ಯಾಕ್ಯೂಮ್ ಹೋಸ್‌ನ ತುದಿಯನ್ನು ಒಳ್ಳೆ ನೀರಿನ ಟ್ಯಾಂಕಿನೊಳಗೆ ಬಿಟ್ಟರಾಯಿತು. ಕೆಲವೇ ನಿಮಿಷದಲ್ಲಿ ನೀರೆಲ್ಲ ಕೊಳಕು ಟ್ಯಾಂಕಿಗೆ ಹೋಗುತ್ತದೆ. ತಳದಲ್ಲಿ ಕೂತ ಮರಳು, ಸುಣ್ಣದ ಪುಡಿ ಕೂಡ ಬರುತ್ತದೆ. ತಳ ಶುದ್ಧ ಮಾಡುವುದರಲ್ಲಿ ಬೇರೆ ಯಾವ ದಾರಿಯೂ ಇದರ ಹತ್ತಿರ ಬರುವುದಿಲ್ಲ.

ತೊಂದರೆ ಏನು ಅಂದರೆ, ಒಳ್ಳೆ ನೀರು ಕೊಳಕು ನೀರಿನ ಜೊತೆ ಸೇರಿತು. ಇನ್ನು ಅದನ್ನು ಹುಲ್ಲಿಗೆ ಬಿಡುವ ಹಾಗಿಲ್ಲ, ಒಳಚರಂಡಿಗೇ ಹೋಗಬೇಕು. ಕೊಳಕು ಟ್ಯಾಂಕ್ ಮೊದಲೇ ಅರ್ಧ ತುಂಬಿದ್ದರೆ ನೀರಿನ ಮಟ್ಟ ನೋಡುವ ಫ್ಲೋಟ್ ಸ್ವಿಚ್ ನಡುವೆಯೇ ಯಂತ್ರ ನಿಲ್ಲಿಸುತ್ತದೆ. ಹೋಸ್‌ನ ತುದಿಯೂ ದಿನವಿಡೀ ಕೊಳಕು ಎಳೆದದ್ದು, ಅದನ್ನು ಒಳ್ಳೆ ಟ್ಯಾಂಕಿಗೆ ಬಿಡುವ ಮೊದಲು ತೊಳೆಯಬೇಕು. ಇದಕ್ಕಂತಲೇ ಒಂದು ಚೊಕ್ಕ ತುಂಡು ಹೋಸ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ದಿನಾ ಮಾಡುವ ದಾರಿ ಅಂತ ನಾನು ಇದನ್ನು ಹೇಳುವುದಿಲ್ಲ. ತಿಂಗಳಿಗೊಮ್ಮೆ ತಳ ಚೊಕ್ಕ ಮಾಡಲು ಇದೇ ಸರಿ.

ಸೈಫನ್, ಅಂದರೆ ನೀರು ತುಂಬಿದ ಪೈಪಿನ ಒಂದು ತುದಿ ಟ್ಯಾಂಕಿನಲ್ಲಿಟ್ಟು ಇನ್ನೊಂದನ್ನು ಕೆಳಗಿಳಿಸಿ ನೀರು ಹರಿಸುವ ದಾರಿ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಪೈಪಿದ್ದರೆ ಆಯಿತು, ಖರ್ಚಿಲ್ಲ. ಆದರೆ ನಿಧಾನ, ತಳದಲ್ಲಿ ನೀರು ಉಳಿಯುತ್ತದೆ, ಚಳಿಯಲ್ಲಿ ಒದ್ದೆ ಕೈ. ವಾಲ್ವ್ ಕೆಟ್ಟ ದಿನಕ್ಕೆ ಇರಲಿ.

ಆ ನೀರು ಎಲ್ಲಿಗೆ ಹೋಗುತ್ತದೆ?

ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡುವವರು ಇದನ್ನು ಮರೆತುಬಿಡುತ್ತಾರೆ. ಮೈನಸ್ 10 ಡಿಗ್ರಿಯಲ್ಲಿ ಮನೆ ಮುಂದಿನ ಕಾಂಕ್ರೀಟ್ ಮೇಲೆ 300 ಲೀಟರ್ ನೀರು ಬಿಟ್ಟರೆ ಬೆಳಗ್ಗೆ ಅದು ಗಾಜಿನಂಥ ನೆಲ ಆಗಿರುತ್ತದೆ. ಬೆಳಕು ಹರಿಯುವ ಮುಂಚೆ ಪೇಪರ್ ಹಾಕುವವರು, ನಾಯಿ ಜೊತೆ ವಾಕಿಂಗ್ ಹೊರಟ ವಯಸ್ಸಾದವರು, ಶಾಲೆ ಬಸ್ಸಿಗೆ ಓಡುವ ಮಕ್ಕಳು ಅದರ ಮೇಲೆ ಕಾಲಿಡುತ್ತಾರೆ. ಯಂತ್ರ ಉಳಿಸಲು ಹೋಗಿ ಒಬ್ಬರ ಸೊಂಟ ಮುರಿಯುವಂತಾಗಬಾರದು. ಗಿರಾಕಿಯ ಮನೆ ಮುಂದಂತೂ ಬಿಡಲೇಬೇಡಿ.

ರಸ್ತೆ ಬದಿಯ ಮಳೆನೀರಿನ ಚರಂಡಿಯೂ ಸರಿಯಲ್ಲ. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಅದು ಶುದ್ಧೀಕರಣ ಆಗದೆ ನೇರ ಹೊಳೆಗೆ, ಕೆರೆಗೆ ಹೋಗುತ್ತದೆ. ಕಾರ್ಪೆಟ್ ತೊಳೆದ ನೀರು ಅಲ್ಲಿಗೆ ಹೋಗುವಂತೆಯೇ ಇಲ್ಲ. 1972ರ ಕ್ಲೀನ್ ವಾಟರ್ ಆ್ಯಕ್ಟ್ ಬಂದ ಮೇಲೆ ಈ ವಿಷಯದಲ್ಲಿ ಊರಾಡಳಿತಗಳು ಬಿಗಿಯಾಗಿವೆ. ನಲ್ಲಿಯ ಒಳ್ಳೆ ನೀರು ಅಂದರೂ ಅದರಲ್ಲಿ ಕ್ಲೋರಿನ್ ಇರುತ್ತದೆ, ಮೀನುಗಳಿಗೆ ಅದು ವಿಷ. ಹುಲ್ಲುಹಾಸಿಗೆ ನಿಧಾನವಾಗಿ ಬಿಡುವುದು ಮೇಲು. ಎಲ್ಲಕ್ಕಿಂತ ಒಳ್ಳೆಯದು ಒಳಚರಂಡಿಗೆ ಸೇರಿದ, ಶೆಡ್ಡಿನ ನೆಲದಲ್ಲಿರುವ ಡ್ರೈನ್. ನಿಮ್ಮ ಊರಿನ ನಿಯಮ ಒಮ್ಮೆ ಕೇಳಿಕೊಳ್ಳಿ, ಊರಿಂದೂರಿಗೆ ಬದಲಾಗುತ್ತದೆ.

ನೀರು ಬಿಡಲು ಒಳ್ಳೆ ಜಾಗ ವ್ಯಾನಿನ ಕೆಳಗೇ ಇದ್ದರೆ ತಳದ ವಾಲ್ವ್. ಜಾಗ ದೂರ ಇದ್ದರೆ ಪಂಪು. ಆಯ್ಕೆ ಅಷ್ಟು ಸರಳ.

ಖಾಲಿ ಮಾಡದೆ ಬೆಚ್ಚಗಿಡುವುದು

ಬೆಚ್ಚನೆಯ ಗ್ಯಾರೇಜ್ ಇದ್ದರೆ ನಿಮ್ಮ ಅದೃಷ್ಟ. ದಿನಾ ನೀರು ಚೆಲ್ಲಬೇಕಿಲ್ಲ, ಬೆಳಗ್ಗೆ ಮತ್ತೆ ತುಂಬಬೇಕಿಲ್ಲ. ವಿನ್ನಿಪೆಗ್, ಮಿನಿಯಾಪೊಲಿಸ್‌ನಂಥ ಊರಲ್ಲಿ ಚಳಿಗಾಲಕ್ಕೆ ಮಾತ್ರ ಜಾಗ ಬಾಡಿಗೆಗೆ ಹಿಡಿದರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ ಜನವರಿಯ ರಾತ್ರಿ ಮೈನಸ್ 20ಕ್ಕೆ ಇಳಿಯುವುದು ದೊಡ್ಡ ಸುದ್ದಿಯೇ ಅಲ್ಲ.

ವ್ಯಾನಿನೊಳಗೆ ಕರೆಂಟಿನ ಹೀಟರ್ ಇಡುವವರೇ ಜಾಸ್ತಿ. 1500 ವ್ಯಾಟ್ ಹೀಟರ್ 12 ಗಂಟೆ ಓಡಿದರೆ 18 ಯೂನಿಟ್. ಮೈನಸ್ 2, ಮೈನಸ್ 3ರ ರಾತ್ರಿಗೆ ಅದು ಧಾರಾಳ ಸಾಕು. ಆದರೆ ವ್ಯಾನಿನ ಗೋಡೆ ತೆಳು ತಗಡು, ಶಾಖ ಹಿಡಿದಿಡುವುದಿಲ್ಲ. ಚಳಿ ಬಿಗಿಯಾದಷ್ಟೂ ಹೀಟರ್ ಸೋಲುತ್ತದೆ. ನೆಲದ ಹತ್ತಿರದ ಪೈಪುಗಳಿಗೆ ಶಾಖ ತಲುಪುವುದೂ ಕಷ್ಟ. ಒಳಗೆ ಪೆಟ್ರೋಲ್ ಆವಿ, ಕೆಮಿಕಲ್ ಡಬ್ಬಿ, ಒಣಗಲು ಹಾಕಿದ ಟವೆಲ್ ಇದ್ದರೆ ಬೆಂಕಿಯ ಅಪಾಯ. ಕಾಯಿಲ್ ಕೆಂಪಗಾಗುವ ಹೀಟರ್ ಬೇಡ. ಥರ್ಮೋಸ್ಟಾಟ್ ಇರುವ, ಉರುಳಿದರೆ ತಾನೇ ಆರುವ ಹೀಟರ್ ಇರಲಿ. ಎಕ್ಸ್‌ಟೆನ್ಷನ್ ಕೇಬಲ್ ದಪ್ಪದ್ದಿರಲಿ. ಗ್ಯಾಸ್ ಹೀಟರ್ ಅನ್ನು ಮುಚ್ಚಿದ ವ್ಯಾನಿನಲ್ಲಿ ಉರಿಸಿ ಬಿಡುವುದು ಜೀವಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಹೀಟರ್ ನಂಬುವವರಿಗೆ ಟೆಕ್ಸಸ್ ಒಂದು ಪಾಠ. 2021ರ ಫೆಬ್ರುವರಿಯಲ್ಲಿ ಡಲ್ಲಾಸ್ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಿತು. ಅದೇ ಹೊತ್ತಿಗೆ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ಕೆಲವು ಕಡೆ ದಿನಗಟ್ಟಲೆ ಬರಲಿಲ್ಲ. ಡಲ್ಲಾಸ್, ಆಸ್ಟಿನ್ ಕಡೆ ಇರುವ ನಮ್ಮ ಕನ್ನಡದ ಮನೆಗಳವರಿಗೂ ಆ ವಾರ ಚೆನ್ನಾಗಿ ನೆನಪಿರುತ್ತದೆ. ಹೀಟರ್ ಅತಿ ಬೇಕಾದ ರಾತ್ರಿಯೇ ಕರೆಂಟ್ ಕೈಕೊಡುವ ರಾತ್ರಿಯೂ ಆಗಬಹುದು. ತಳದ ವಾಲ್ವ್‌ಗೆ ಆ ಹಂಗಿಲ್ಲ. ಹೀಟರ್ ಇಟ್ಟರೂ ವಾಲ್ವ್ ಇರಲಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಆಂಟಿಫ್ರೀಜ್: ಟ್ಯಾಂಕಿಗಲ್ಲ, ಯಂತ್ರಕ್ಕೆ

ಟ್ಯಾಂಕ್ ಖಾಲಿ ಮಾಡಿದಿರಿ. ಯಂತ್ರದೊಳಗಿನ ನೀರು? ಅದನ್ನು ಗಾಳಿ ಊದಿ ಹೊರಗೆ ತೆಗೆಯಬಹುದು, ಇಲ್ಲವೇ ಆಂಟಿಫ್ರೀಜ್, ಅಂದರೆ ಹೆಪ್ಪುಗಟ್ಟದಂತೆ ತಡೆಯುವ ದ್ರವ, ತುಂಬಿಸಬಹುದು.

ಗಾಳಿ ಊದುವುದು ಅಗ್ಗ. ಆದರೆ ತಗ್ಗಿನ ಬಾಗುಗಳಲ್ಲಿ ನೀರು ಉಳಿಯುತ್ತದೆ. ಗಾಳಿಗೆ ಖಾಲಿ ಪೈಪಿನ ದಾರಿ ಸಿಕ್ಕ ಮೇಲೆ ಅದು ನೀರನ್ನು ತಳ್ಳುವುದಿಲ್ಲ, ಮೇಲಿಂದ ಹಾದು ಹೋಗುತ್ತದೆ. ಸಾಧಾರಣ ಚಳಿಗೆ ನಡೆಯುತ್ತದೆ. ಮೈನಸ್ 20ಕ್ಕೆ ನಾನು ನಂಬುವುದಿಲ್ಲ.

ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಹೆಚ್ಚು ಭದ್ರ. ಯಂತ್ರ ಬಿಸಿ ಇರುವಾಗಲೇ ಹಾಕಬೇಡಿ. ಮೊದಲು ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆ ತಣ್ಣೀರು ಓಡಿಸಿ ತಣಿಸಿ. ಆಮೇಲೆ ಯಂತ್ರದ ಪಂಪಿಗೆ ನೀರು ಕೊಡುವ ಸಣ್ಣ ಬಾಕ್ಸ್ ಖಾಲಿ ಮಾಡಿ, ಗ್ಲೈಕಾಲ್ ಸುರಿದು, ಕಾರ್ಪೆಟ್‌ವರೆಗೆ ನೀರು ಒಯ್ಯುವ ಸೊಲ್ಯೂಷನ್ ಹೋಸ್‌ನಿಂದ ಗುಲಾಬಿ ಬಣ್ಣ ಬರುವವರೆಗೆ ಓಡಿಸಿ. ಕೆಮಿಕಲ್ ಕೊಳವೆಗೂ ಎಳೆದುಕೊಳ್ಳಲಿ. ಹೊರಗೆ ಬಂದದ್ದನ್ನು ಕ್ಯಾನಿನಲ್ಲಿ ಹಿಡಿದು ಮತ್ತೆ ಬಳಸಬಹುದು. ಆದರೆ ಪ್ರತಿ ಸಲ ಸ್ವಲ್ಪ ನೀರು ಸೇರಿ ಅದರ ಬಲ ಕುಗ್ಗುತ್ತದೆ. ಅದರ ಬಲ ಅಳೆಯುವ ಸಣ್ಣ ಉಪಕರಣ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಆಗಾಗ ನೋಡುತ್ತಿರಿ.

ಡಬ್ಬಿಯ ಮೇಲೆ ಮೈನಸ್ 50 ಅಂತ ಇರುತ್ತದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 46. ಅದು ಪೈಪು ಒಡೆಯದ ಮಿತಿ. ದ್ರವ ಅದಕ್ಕಿಂತ ಎಷ್ಟೋ ಮೊದಲೇ ಗಂಜಿಯಂತೆ ಗಟ್ಟಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ಬೆಳಗ್ಗೆ ಪಂಪು ಚಾಲೂ ಮಾಡಿದರೆ ಕೆಡುತ್ತದೆ. ಮೊದಲು ವ್ಯಾನ್ ಬೆಚ್ಚಗಾಗಲಿ.

ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ. ಅದು ವಿಷ, ರುಚಿ ಸಿಹಿ. ನೀವು ತೊಳೆಯುವ ಕಾರ್ಪೆಟ್ ಮೇಲೆ ಕೂಸು ಅಂಬೆಗಾಲಿಡುತ್ತದೆ, ನಾಯಿ ಮಲಗಿ ಪಂಜ ನೆಕ್ಕುತ್ತದೆ. ಗಾಜು ಒರೆಸುವ ನೀಲಿ ವಾಷರ್ ದ್ರವವೂ ಬೇಡ, ಅದರಲ್ಲಿ ಸಾಮಾನ್ಯವಾಗಿ ಮೆಥನಾಲ್ ಇರುತ್ತದೆ. ಅದೂ ವಿಷ, ಜೊತೆಗೆ ಬೇಗ ಬೆಂಕಿ ಹತ್ತುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಆದರೂ ಬೆಳಗ್ಗೆ ಪೂರ್ತಿ ತೊಳೆದು ತೆಗೆದ ಮೇಲೆಯೇ ಕೆಲಸ ಶುರು ಮಾಡಿ. ಉಳಿದರೆ ಕಾರ್ಪೆಟ್ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಟ್ಯಾಂಕಿಗೇ ಗ್ಲೈಕಾಲ್ ಸುರಿಯುವ ಯೋಚನೆ ಬಿಟ್ಟುಬಿಡಿ. ಅಷ್ಟು ನೀರಿಗೆ ಅದು ಸಾಲುವುದಿಲ್ಲ, ಸುಮ್ನೆ ದುಡ್ಡು ದಂಡ.

ಹಾಗಾದರೆ ನಿಮಗೆ ಯಾವುದು?

ರಾತ್ರಿ ಬೆಚ್ಚನೆ ಗ್ಯಾರೇಜಿನಲ್ಲಿ ನಿಲ್ಲುವ ವ್ಯಾನಿಗೆ ಮುಕ್ಕಾಲು ಇಂಚಿನ ವಾಲ್ವೇ ಸಾಕು. ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಖಾಲಿ ಮಾಡಿ.

ಬಯಲಲ್ಲಿ ನಿಲ್ಲುವ ವ್ಯಾನ್, ಊರು ಮಿನಿಯಾಪೊಲಿಸ್ ಅಥವಾ ಕ್ಯಾಲ್ಗರಿ ಅಂದರೆ ಒಂದೂವರೆ ಇಂಚಿನ ತಳದ ವಾಲ್ವ್ ಮತ್ತು ದಿನಾ ಗ್ಲೈಕಾಲ್, ಎರಡೂ ಬೇಕು. ಹೋಸ್, ಕಾರ್ಪೆಟ್ ಮೇಲೆ ಓಡಿಸಿ ತೊಳೆಯುವ ವ್ಯಾಂಡ್ ಮನೆಯೊಳಗೆ ಬರಲಿ. ಕೊಳಕು ಟ್ಯಾಂಕ್ ಖಾಲಿ ಮಾಡುವ ಪಂಪು ಇದ್ದರೆ ಅದರೊಳಗಿನ ನೀರನ್ನೂ ತೆಗೆಯಲು ಮರೆಯಬೇಡಿ.

ಶಿಕಾಗೊ, ಟೊರೊಂಟೊ, ನ್ಯೂಜೆರ್ಸಿ ಕಡೆ ಚಳಿ ಏರಿಳಿಯುತ್ತದೆ. ಸಾಧಾರಣ ರಾತ್ರಿಗೆ ಹೀಟರ್. ಹವಾಮಾನ ಮುನ್ಸೂಚನೆ ಮೈನಸ್ 5ಕ್ಕಿಂತ ಕೆಳಗೆ ತೋರಿಸಿದರೆ ಖಾಲಿ ಮಾಡಿ, ಗ್ಲೈಕಾಲ್ ಹಾಕಿ. ಡಲ್ಲಾಸ್, ಅಟ್ಲಾಂಟಾ ಕಡೆ ವರ್ಷಕ್ಕೆ ಕೆಲವೇ ರಾತ್ರಿ ಈ ಚಿಂತೆ. ಆದರೆ ಅಲ್ಲಿಯ ವ್ಯಾನ್‌ಗಳಲ್ಲೇ ಬೇಸಿಗೆಯ ಇನ್ನೊಂದು ತೊಂದರೆ ದೊಡ್ಡದು.

ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶಕ್ಕೆ ಬಂದವರಿಗೆ ನ್ಯುಮೋನಿಯಾ ಬಂತು, ಅದರ ಕಾರಣ ಹುಡುಕುವಾಗ ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾಯಿತು. ಅದು ಮೈಸೇರುವುದು ಸಣ್ಣ ಹನಿಗಳನ್ನು ಉಸಿರಾಡಿದಾಗ. ವ್ಯಾಂಡ್‌ನಿಂದ ಚಿಮ್ಮುವುದೂ ಸಣ್ಣ ಹನಿಗಳೇ, ಅಲ್ವಾ? ಬಿಸಿಲಲ್ಲಿ ನಿಂತ ವ್ಯಾನಿನ ಟ್ಯಾಂಕ್ ಆ ಬಿಸಿಗೆ ಸುಲಭವಾಗಿ ಏರುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನ ರಜೆ ಇದ್ದರೆ ಖಾಲಿ ಮಾಡಿ, ಮುಚ್ಚಳ ತೆಗೆದು ಒಣಗಲು ಬಿಡಿ.

ತೂಕದ ಮಾತೂ ಒಂದಿದೆ. 300 ಲೀಟರ್ ಅಂದರೆ 300 ಕಿಲೋ. ಬ್ರಿಟನ್‌ನಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್‌ನಲ್ಲಿ ಓಡಿಸುವ ಪೆಟ್ರೋಲ್, ಡೀಸೆಲ್ ವ್ಯಾನಿನ ಒಟ್ಟು ತೂಕದ ಮಿತಿ ಸಾಮಾನ್ಯವಾಗಿ 3,500 ಕಿಲೋ, ಅದರಲ್ಲಿ ಇದು ಸಣ್ಣ ಪಾಲಲ್ಲ. ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ಹೊಯ್ದಾಡುತ್ತದೆ. ದೂರದ ದಾರಿ ಹೊರಟರೆ ಖಾಲಿ ಮಾಡಿಯೇ ಹೊರಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಸೋಫಾ, ಕಾರ್ಪೆಟ್ ತೊಳೆಯುವವರು ಹೆಚ್ಚಾಗಿ ಕೈಯಲ್ಲಿ ಎಳೆದುಕೊಂಡು ಹೋಗುವ ಸಣ್ಣ ಯಂತ್ರ ಬಳಸುತ್ತಾರೆ. ಅಲ್ಲಿ ಮಂಜಿನ ಭಯ ಇಲ್ಲ. ಆದರೆ ಬೋರ್‌ವೆಲ್‌ನ ಗಡುಸು ನೀರು ಟ್ಯಾಂಕಿನಲ್ಲೇ ನಿಂತರೆ ಬಿಳಿ ಉಪ್ಪು ಕಟ್ಟಿ ಜೆಟ್‌ನ ತೂತು ಮುಚ್ಚುತ್ತದೆ. ಕೆಲಸ ಮುಗಿದ ಕೂಡಲೇ ಟ್ಯಾಂಕ್ ಬಗ್ಗಿಸಿ ಪೂರ್ತಿ ಚೆಲ್ಲಿ, ಒಂದು ಲೀಟರ್ ಕಾವೇರಿ ನೀರು ಅಥವಾ ಫಿಲ್ಟರ್ ನೀರು ಪಂಪಿನ ಮೂಲಕ ಹಾಯಿಸಿ, ಜಾಲರಿ ತೆಗೆದು ತೊಳೆದಿಡಿ.